ಕೌತಾಳಂನ ತಾಜಾ ಸುದ್ದಿ

"ಇನ್ಮ್ಯಾಲೆ ಈ ಮನ್ಯಾಗ ಯಾರೂ ಓಣಿಗೆ ಹೋಗಿ ಏನೂ ಕೇಳಂಗಿಲ್ಲ! ಏನಿದ್ರೂ ಫೋನಿಗೇ ಕೇಳಬೇಕು!"

ಆಂಧ್ರದ ಗಡಿಯ ಕೌತಾಳಂನಲ್ಲಿ ಕುರಿ ಸಾಕುವ ಜಂಬಪ್ಪ ಹೊಸ ಫೋನು ಕೊಂಡ ದಿನವೇ ಈ ರಾಜಾಜ್ಞೆ ಹೊರಡಿಸಿದ್ದ. ಊರಲ್ಲಿ ಕರೆಂಟು ಹೋದರೂ, ಕುರಿ ಈದರೂ ಇಂಟರ್‌ನೆಟ್ಟಿನಲ್ಲಿ ಬರೆದು ಹಾಕುವ ಚಟ ಅವನಿಗೆ ಮೊದಲೇ ಇತ್ತು. ಈಗ ಕೇಳಿದ್ದಕ್ಕೆಲ್ಲ ಉತ್ತರ ಹೇಳುವ ಎಐ ಬೇರೆ ಸಿಕ್ಕಿತು, ಕೇಳಬೇಕೆ!

ಅದಾದ ವಾರಕ್ಕೆ ಆದವಾನಿಯಲ್ಲಿ ತಂಗಿ ಮಹಾಲಕ್ಷ್ಮಿಯ ಕೂಸಿಗೆ ಕಿವಿ ಚುಚ್ಚುವ ಶಾಸ್ತ್ರ. ಕೂಸು ಸೋದರಮಾವನ ತೊಡೆಯ ಮೇಲೆ ಕೂರಬೇಕು. ಮಾವಂದಿರು ಇಬ್ಬರು: ಜಂಬಪ್ಪ ಮತ್ತು ತಮ್ಮ ಗೋವಿಂದ. ಹಿರಿಯನ ತೊಡೆಯಿರುವಾಗ ಕಿರಿಯನದೇಕೆ ಎಂದು ಜಂಬಪ್ಪ ತಿಂಗಳಿಂದ ಮೀಸೆ ತಿರುವುತ್ತಿದ್ದ. ಉಡುಗೊರೆಗೆ ಕುರಿಮರಿಯೂ ಸಿದ್ಧವಾಗಿತ್ತು.

ಬೆಳಿಗ್ಗೆ ಫೋನಿಗೆ ಕೇಳಿದ, "ಆದವಾನಿ ಬಸ್ ಐತೇನು?"

"ನಾನು ಕಲಿತಿರುವುದು ಹಿಂದಿನ ವಿಷಯ. ಇವತ್ತಿನದನ್ನು ವೆಬ್‌ನಲ್ಲಿ ಹುಡುಕಿ ಹೇಳುತ್ತೇನೆ" ಎಂದಿತು ಫೋನು. ಮರುಗಳಿಗೆಯೇ, "ಒಂದು ಸ್ಥಳೀಯ ಪುಟದ ಪ್ರಕಾರ, ಮುಂದಿನ ಸೂಚನೆಯವರೆಗೆ ಬಸ್ ಬಂದ್. ಆದರೆ..."

'ಆದರೆ' ಕೇಳುವ ವ್ಯವಧಾನ ಯಾರಿಗಿತ್ತು? ಫೋನು ಜೇಬು ಸೇರಿತು.

"ಎದುರುಮನಿ ಬಸವಪ್ರಸಾದ್ ನಿನ್ನೆ ಅದ ಬಸ್ಸಿಗೆ ಬಂದಾನಲ್ರಿ. ಒಂದ್ಮಾತು ಕೇಳ್ರಿ" ಎಂದಳು ಹೆಂಡತಿ ಜಯಕ್ಕ.

"ಬಸವಪ್ರಸಾದ್ಗ ನಿನ್ನೇದು ಗೊತ್ತು. ಇದಕ್ಕ ಇವತ್ತಿಂದು ಗೊತ್ತು! ಲೋಕಾನೆಲ್ಲ ಜಾಲಾಡಿ ಹೇಳೈತಿ!"

ಸರಿ, ಟ್ರೈನಾದರೂ ಸಿಗಲೆಂದು ಆಟೋ ಹಿಡಿದು ಕೋಸಗಿ ಸ್ಟೇಷನ್ನಿಗೆ ಸವಾರಿ ಹೊರಟಿತು. ದಾರಿಯಲ್ಲಿ ಕುರಿಮರಿ ಶಾಸ್ತ್ರದ ತಟ್ಟೆಯ ವೀಳ್ಯದೆಲೆಯನ್ನೆಲ್ಲ ಮೇಯ್ದು, ಜಂಬಪ್ಪನ ಬಿಳಿ ಪಂಚೆಯನ್ನೂ ಒದ್ದೆ ಮಾಡಿತು. ಸ್ಟೇಷನ್ನಿನಲ್ಲಿ ರೈಲ್ವೆಯವರೊಬ್ಬರು ಅಡ್ಡ ಬಂದು, "ಗೊರ್ರೆಪಿಲ್ಲಕು ಟ್ರೈನು ಲೇದು!" ಎಂದು ತೆಲುಗಿನಲ್ಲಿ ಗದರಿದರು; ಕುರಿಮರಿಗೆ ಟ್ರೈನಿಲ್ಲವಂತೆ. ಮರಿಯನ್ನು ಬಿಟ್ಟು ಹೋಗಲು ಜಂಬಪ್ಪ ಒಪ್ಪಲಿಲ್ಲ. ಕಣ್ಣೆದುರೇ ಟ್ರೈನು ಹೋಯಿತು. ಮತ್ತೆ ಅದೇ ಆಟೋ, ಆದವಾನಿವರೆಗೂ ಧೂಳು. ಮರಿಯೂ ಜಂಬಪ್ಪನೂ ಒಂದೇ ಬಣ್ಣಕ್ಕೆ ತಿರುಗಿದರು.

ಆದವಾನಿ ಬಸ್‌ಸ್ಟ್ಯಾಂಡಿನ ಮುಂದೆ ನೋಡಿದರೆ, ಬಂದ್ ಆದ ಬಸ್ಸು ಜನರನ್ನು ಇಳಿಸಿ ಆರಾಮಾಗಿ ನಿಂತಿತ್ತು! ಜಯಕ್ಕ ಬಸ್ಸನ್ನೊಮ್ಮೆ, ಗಂಡನ ಜೇಬನ್ನೊಮ್ಮೆ ನೋಡಿದಳು. ಜಂಬಪ್ಪ ಮರಿಯನ್ನೆತ್ತಿಕೊಂಡು ಬಿರಬಿರನೆ ಮುಂದೆ ನಡೆದ.

ತಂಗಿಯ ಮನೆಯಲ್ಲಿ ಕೂಸು ಕಿವಿ ಕೆಂಪಗೆ ಮಾಡಿಕೊಂಡು ಅಳುತ್ತಿತ್ತು, ಗೋವಿಂದನ ತೊಡೆಯ ಮೇಲೆ!

"ಎಷ್ಟೊತ್ತಂತ ಕಾಯೋದಣ್ಣ? ಮುಹೂರ್ತ ಮೀರ್ತಿತ್ತು" ಎಂದಳು ಮಹಾಲಕ್ಷ್ಮಿ, ಕಣ್ಣೊರೆಸಿಕೊಂಡು.

"ಕೌತಾಳಂ ಬಸ್ಸಿನಾಗ ನಂಗ ಕಿಟಕಿ ಸೀಟೇ ಸಿಕ್ತು ನೋಡಣ್ಣ" ಎಂದ ಗೋವಿಂದ.

"ನಂದೇನ್ ತಪ್ಪವ್ವ? ಫೋನು ಸುಳ್ಳು ಹೇಳೈತಿ!" ಜಂಬಪ್ಪ ಸಾಕ್ಷಿಗೆಂದು ಫೋನನ್ನು ಎಲ್ಲರೆದುರು ಹಿಡಿದ. ಜಯಕ್ಕ ಅದನ್ನು ಕಸಿದುಕೊಂಡು 'ಆದರೆ'ಯ ಮುಂದಿನದನ್ನು ಓದಿದಳು: "ಆದರೆ ಸಿಕ್ಕಿದ್ದು ಇದೊಂದೇ ಪುಟ. ಕಳೆದ ಮಳೆಗಾಲದ್ದು. ಊರಲ್ಲಿ ಒಮ್ಮೆ ವಿಚಾರಿಸಿ." ಕೆಳಗಿದ್ದ ಆ ಪುಟದ ಲಿಂಕನ್ನು ಒತ್ತಿದಳು.

ರುಮಾಲು ಸುತ್ತಿ ಮೀಸೆ ತಿರುವಿದ ದೊಡ್ಡ ಫೋಟೋ ಮೂಡಿತು. ಅಡಿಯಲ್ಲಿ: 'ಹಳ್ಳ ತುಂಬೈತಿ! ಬಸ್ ಬಂದ್! ಮುಂದಿನ ಸೂಚನೆ ನಾನೇ ಕೊಡುವೆ! ವರದಿ: ಜಂಬಪ್ಪ, ಕೌತಾಳಂ.'

ಕೂಸು ಕೂಡ ಅಳು ನಿಲ್ಲಿಸಿತು.

"ಪಾಪ, ಫೋನಿಗ್ಯಾಕ ಬೈತೀರಿ?" ಎಂದಳು ಜಯಕ್ಕ. "ನಾ ಮದುವಿಯಾದಾಗ ಮಾಡಿದ ತಪ್ಪನ್ನ ಅದು ಇವತ್ತು ಮಾಡೈತಿ. ನಿಮ್ಮ ಮಾತು ನಂಬೈತಿ!"