ಬಾಗಿಲಿಗೆ ಅಂಟಿಸಿದ ಕಿವಿಮಾತು

ಒಡಿಲ್ ಸರ್ವರ್ ಕೋಣೆಯ ಬಾಗಿಲಿಗೆ ಆ ಕಾಗದ ಅಂಟಿಸದೇ ಇದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಬುಖಾರಾದಿಂದ ನಾಲ್ಕು ದೇಶಗಳಿಗೆ ಒಣಹಣ್ಣು ಕಳಿಸುವ ಕಂಪನಿ ಅದು. ಕಂಪ್ಯೂಟರ್ ನೋಡಿಕೊಳ್ಳಲು ಇದ್ದವನು ಅವನೊಬ್ಬನೇ. ಸೇರಿದ ವಾರವೇ 'ಕಂಪ್ಯೂಟರ್ ಮಂದಿಗೆ ಕಿವಿಮಾತು' ಎಂದು ದಪ್ಪಕ್ಷರದಲ್ಲಿ ಬರೆದು, ಕೆಳಗೆ ಸಹಿಯನ್ನೂ ಜಡಿದು ಅಂಟಿಸಿದ. ಮಂದಿ ಎಂದರೆ ತಾನೊಬ್ಬನೇ ಎಂಬುದು ಉತ್ಸಾಹಕ್ಕೆ ಅಡ್ಡ ಬರಲಿಲ್ಲ. ಮೊದಲ ಮಾತು: ಈ ಬಾಗಿಲು ಸದಾ ಮುಚ್ಚಿರಲಿ. ಎರಡನೆಯದು: ಏನೇ ಕೆಟ್ಟರೂ ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ.

ಮೂರು ತಿಂಗಳ ಪರೀಕ್ಷೆಯ ಅವಧಿ ಇವತ್ತಿಗೆ ಮುಗಿಯುತ್ತಿತ್ತು. ಸಂಜೆ ಐದಕ್ಕೆ ನಿರ್ದೇಶಕ ತುರ್ಸುನ್ ಅಕಾ, ಅಂದರೆ ತುರ್ಸುನ್ ಅಣ್ಣ, ಬಂದು ಕೆಲಸ ಖಾಯಮ್ಮೋ ಇಲ್ಲವೋ ಹೇಳುವವರಿದ್ದರು. ಮಧ್ಯಾಹ್ನ ಎರಡಕ್ಕೆ, ಎಲ್ಲರೂ ಪಲಾವ್ ಉಂಡು ಹಸಿರು ಚಹಾ ಬಗ್ಗಿಸಿಕೊಳ್ಳುವ ಹೊತ್ತಿಗೆ, ಸರ್ವರ್ ಮಲಗಿತು. ಜುಲೈ ಹಿಡಿದಾಗಿನಿಂದ ದಿನಾ ಇದೇ ಗೋಳು. ಅವನು ಒಳಹೋಗಿ ತಡಕಾಡಿ ಎಬ್ಬಿಸುವುದು, ಬಾಗಿಲು ಹಾಕಿಕೊಂಡು ಬರುವುದು, ಅದು ಮತ್ತೆ ಮಲಗುವುದು. ತಾನು ಬರೆದ ಪ್ರೋಗ್ರಾಮನ್ನು ಸಾಲುಸಾಲಾಗಿ ಹತ್ತು ಸಲ ಓದಿ ಒಡಿಲ್‌ನ ತಲೆ ಚಿಟ್ಟು ಹಿಡಿದಿತ್ತು.

ಲಾರಿ ಓಡಿಸುವ ಝಾಕಿರ್ ಅಕಾ ಹಿಂದೆಯೇ ನುಗ್ಗಿದ. "ನನ್ನ ಲಾರಿನೂ ಹಿಂಗೇ ಮೊಂಡು ಹಿಡೀತದೆ ತಮ್ಮಾ. ಪಕ್ಕಕ್ಕೆ ಎರಡು ಬಿಟ್ರೆ ಸರಿಹೋಗ್ತದೆ" ಎಂದವನೇ ಪೆಟ್ಟಿಗೆಗೆ ಬಾರಿಸಿದ.

"ಅಯ್ಯೋ! ಒಂದು ಸಲಕ್ಕೆ ಒಂದೇ ಅಕಾ!"

"ಒಂದೇ ಕಣೋ ಹೊಡೆದಿದ್ದು. ಇನ್ನೊಂದು ಬಾಕಿ ಇದೆ."

ಅಷ್ಟರಲ್ಲಿ ಇಡೀ ಕಚೇರಿಗೆ ಅಕ್ಕನಾದ ಹುರಿಯತ್ ಒಪಾ ಬಂದರು. ಒಂದು ಕೈಯಲ್ಲಿ ಒಣಮೆಣಸು ಪೋಣಿಸಿದ ನೀಲಿ ಮಣಿಸರ; ಇನ್ನೊಂದರಲ್ಲಿ ಇಸಿರಿಖ್ ಸೊಪ್ಪು ಹೊಗೆಯಾಡುವ ಬಾಣಲೆ. "ದೃಷ್ಟಿ ಆಗಿದೆ ಇದಕ್ಕೆ. ನಿನ್ನ ಓದು ಅತ್ಲಾಗಿರ್ಲಿ, ಸ್ವಲ್ಪ ಜರುಗು" ಎಂದು ಸರ ತೂಗುಹಾಕಿ, ಮೂರು ಸುತ್ತು ಹೊಗೆ ಹಾಕಿದರು. ಎಲ್ಲರಿಗೂ ಕೆಮ್ಮು ಹತ್ತಿತು. ಒಡಿಲ್ ಕಣ್ಣೊರೆಸಿಕೊಳ್ಳುತ್ತ ಬಾಗಿಲು ಪೂರಾ ತೆರೆದಿಟ್ಟ.

ಸರ್ವರ್ ಎದ್ದಿತು. ಮೂರಾಯಿತು, ನಾಲ್ಕಾಯಿತು, ಮಲಗಲಿಲ್ಲ.

"ನನ್ನ ಹೊಗೆ ನೋಡಿದ್ಯಾ?" ಎಂದರು ಒಪಾ. "ನನ್ನ ಏಟು ಅದು" ಎಂದ ಝಾಕಿರ್.

ಯಾವುದೆಂದು ತಿಳಿಯದೆ ಒಡಿಲ್ ಕಂಗಾಲಾದ. ಕೊನೆಗೆ ತನ್ನ ಎರಡನೇ ಕಿವಿಮಾತು ನೆನಪಾಯಿತು. ಮಣಿಸರ ತೆಗೆದ, ಯಂತ್ರ ನಡೆಯಿತು. ಬಾಣಲೆ ಹೊರಗಿಟ್ಟ, ನಡೆಯಿತು. ಏಟನ್ನು ವಾಪಸ್ ತೆಗೆಯುವುದು ಹೇಗೆಂದು ತಿಳಿಯದೆ ಅದನ್ನು ಹಾಗೇ ಬಿಟ್ಟ. ಉಳಿದದ್ದು ಬಾಗಿಲು. ಮುಚ್ಚಿದ. ಕಾಲು ಗಂಟೆಗೆ ಸರ್ವರ್ ಮಲಗಿತು. ಒಳಗೆ ಕೈಯಿಟ್ಟರೆ ತಂದೂರಿ ಒಲೆ! ಕಿಟಕಿಯಿಲ್ಲದ ಕೋಣೆಯಲ್ಲಿ ಪಾಪದ ಯಂತ್ರ ಬೆಂದು ಪ್ರಜ್ಞೆ ತಪ್ಪುತ್ತಿತ್ತು. ಬೇಯಿಸಿದವನ ಸಹಿ ಬಾಗಿಲ ಮೇಲೇ ಇತ್ತು. ಬಾಗಿಲು ತೆರೆದು, ಯಂತ್ರ ಎಬ್ಬಿಸಿ, ನಗಬೇಕೋ ಅಳಬೇಕೋ ತಿಳಿಯದೆ ನಿಂತ.

ಐದಕ್ಕೆ ಸರಿಯಾಗಿ ತುರ್ಸುನ್ ಅಕಾ ಬಂದರು. "ಏನಪ್ಪಾ, ತೊಂದರೆ ಗೊತ್ತಾಯ್ತಾ? ಯಾರದ್ದಾದ್ರೂ ತಪ್ಪಿದ್ರೆ ಹೇಳು, ಇವತ್ತೇ ಮನೆಗೆ ಕಳಿಸ್ತೀನಿ."

ಕುಂಬಳಕಾಯಿ ಕಳ್ಳನಂತೆ ಒಡಿಲ್ ಕೈ ತಾನಾಗಿ ಹೆಗಲಿಗೆ ಹೋಯಿತು. ಕಾಗದಕ್ಕೆ ಬೆನ್ನು ಕೊಟ್ಟು ನಿಂತ. "ದೃಷ್ಟಿ ಆಗಿತ್ತು ಅಕಾ. ಒಪಾ ಹೊಗೆ ಹಾಕಿದ್ರು, ಸರಿಹೋಯ್ತು."

"ಭೇಷ್! ಓದಿದೋನಾದ್ರೂ ಹಿರಿಯರ ಮಾತಿಗೆ ಬೆಲೆ ಕೊಡ್ತೀಯ. ಕೆಲಸ ನಿಂದೇ. ಆದ್ರೆ ಇನ್ನೊಂದು ಸಲ ಇದು ಮಲಗ್ತೋ, ನೀನೂ ಮನೇಲೇ ಮಲಗಬೇಕಾಗುತ್ತೆ."

ಒಡಿಲ್ ನಿಟ್ಟುಸಿರು ಬಿಟ್ಟ. ಬಾಗಿಲು ತೆರೆದಿಟ್ಟರೆ ಆಯಿತಲ್ಲ!

ಒಪಾ ಬಾಣಲೆ ಎತ್ತಿಕೊಂಡರು. "ಇವನು ಬಾಗಿಲು ತೆಗೆದು ಅರ್ಧ ಹೊಗೆ ಹಾಳು ಮಾಡಿದ. ಇನ್ನೊಂದು ಸಲ ಹಾಕ್ತೀನಿ. ಬೆಳಗಾಗೋ ತನಕ ಹೊಗೆ ಒಳಗೇ ಇರಬೇಕು."

"ಹುಡುಗ ಅದನ್ನೇ ಮೊದಲು ಬರೆದಿದ್ದಾನಲ್ಲ ಒಪಾ!" ತುರ್ಸುನ್ ಅಕಾ ಮೆಚ್ಚುಗೆಯಿಂದ ಕಾಗದ ಓದಿದರು. ಹೊಗೆ ಹಾಕಿಸಿ, ಬಾಗಿಲೆಳೆದು ಬೀಗ ಜಡಿದು, ಕೀಲಿಯನ್ನು ಜೇಬಿಗಿಳಿಸಿದರು. "ಬನ್ನಿ, ಎಲ್ಲರೂ ಚಹಾ ಕುಡಿಯೋಣ."

ಒಡಿಲ್ ಗಡಿಯಾರ ನೋಡಿದ. ಇನ್ನು ಕಾಲು ಗಂಟೆ.