ಡಾಕ್ಟರ್ ಸಾಹೇಬ್ರ ರೇಸ್ ಕಾರಿನ ಸ್ಪ್ರಿಂಗು

ಗ್ಯಾರೇಜ್ ಇಟ್ಟವನಿಗೆ ನಗಲು ಬೇರೆಲ್ಲೂ ಹೋಗಬೇಕಿಲ್ಲ. ಬಾನೆಟ್ ಎತ್ತಿದರೆ ಸಾಕು, ಏನಾದರೊಂದು ನಡೆದೇ ಇರುತ್ತದೆ. ಎಂಬತ್ತರ ದಶಕದಲ್ಲಿ ಅಣ್ಣಿಗೇರಿಯಲ್ಲಿ ನನ್ನದೊಂದು ಸಣ್ಣ ಗ್ಯಾರೇಜಿತ್ತು. ಬರುತ್ತಿದ್ದುದೆಲ್ಲ ಟ್ರ್ಯಾಕ್ಟರು, ಜೀಪು. ನಡುವೆ ಒಂದೇ ಒಂದು ಹಳೆಯ ರೇಸ್ ಕಾರು, ಹಿಂದೆಯೂ ಸೀಟಿದ್ದದ್ದು, ನಮ್ಮೂರ ಡಾಕ್ಟರದು. ಪುಣೆಯಲ್ಲಿ ಓದುವಾಗ ಪಟ್ಟ ಆಸೆ, ತಲೆ ನೆರೆತ ಮೇಲೆ ಕೈಗೂಡಿತ್ತು. ಆ ಕಾರಿನ ಸದ್ದು ಈಗಲೂ ಕಿವಿಯಲ್ಲಿದೆ.

೧. ತಿರುವು

ಆ ಕಾರಿನ ಸ್ಪ್ರಿಂಗ್ ಬದಲಿಸಬೇಕಿತ್ತು. ಮೆತ್ತನೆಯದೊಂದು, ಗಟ್ಟಿಯದೊಂದು ಸ್ಪ್ರಿಂಗ್ ಮುಂದಿಟ್ಟೆ. ಡಾಕ್ಟರು ಎರಡನ್ನೂ ರೋಗಿಯ ಹೊಟ್ಟೆ ಒತ್ತಿದಂತೆ ಒತ್ತಿ ನೋಡಿದರು.

"ಗಟ್ಟೀದ ಹಾಕು. ತಿರುವಿನ್ಯಾಗ ಕಾರು ವಾಲಬಾರ್ದು."

"ತಿರುವು ಎಲ್ಲೈತ್ರಿ ಸಾಹೇಬ್ರ? ನಮ್ಮ ಎರಿ ಮಣ್ಣಿನ ಬಯಲ ಸೀಮಿ ರಸ್ತಾ ಹಗ್ಗ ಎಳದಂಗ ಐತಿ."

ಡಾಕ್ಟರು ಗಟ್ಟಿ ಸ್ಪ್ರಿಂಗನ್ನು ನನ್ನ ಕಡೆ ತಳ್ಳಿದರು. "ನಮ್ಮ ದವಾಖಾನಿ ಗೇಟಿನ್ಯಾಗ ಒಂದೈತಲ್ಲೋ!"

೨. ಬೆಣ್ಣೆ

ಗಟ್ಟಿ ಸ್ಪ್ರಿಂಗ್ ಹಾಕಿದ ವಾರದಲ್ಲೇ ಡಾಕ್ಟರ ತಾಯಿ ತೊಡೆಯ ಮೇಲೆ ಮೊಸರಿನ ಗಡಿಗೆ ಇಟ್ಟುಕೊಂಡು ನವಲಗುಂದದ ಮಗಳ ಮನೆಗೆ ಅದೇ ಕಾರಿನಲ್ಲಿ ಹೋದರು. ಮರುದಿನ ಗ್ಯಾರೇಜಿಗೆ ಬಂದು, ಎಲೆಯಲ್ಲಿ ಸುತ್ತಿದ್ದ ಉಂಡೆಯೊಂದನ್ನು ನನ್ನ ಕೈಗಿಟ್ಟರು.

"ಏನಬೇ ಯವ್ವಾ ಇದು?"

"ಬೆಣ್ಣಿ. ಮನಿಂದ ಒಯ್ದಿದ್ದು ಮೊಸರು, ಮುಟ್ಟಿದ್ದು ಮಜ್ಜಿಗಿ. ಕಡದಾವ ನೀ, ನಿನ್ನ ಪಾಲು ತಗೋ."

೩. ಹರಳು

ತಾಯಿಯ ಮಾತಿಗೆ ಡಾಕ್ಟರ ಮನಸ್ಸು ಅಲ್ಲಾಡಿತು. ಯಾವ ಸ್ಪ್ರಿಂಗ್ ಇರಬೇಕೆಂದು ಕಡೆಯ ಸಲ ನೋಡಿಬಿಡೋಣವೆಂದು ನನ್ನನ್ನು ಕೂರಿಸಿಕೊಂಡು ಹೊರಡುವಷ್ಟರಲ್ಲಿ, ರೈತರೊಬ್ಬರನ್ನು ಅವರ ಮನೆಯವರು ಎತ್ತಿಕೊಂಡು ಬಂದರು. ಕಿಡ್ನಿಯಲ್ಲಿ ಹರಳು. ನೋವಿಗೆ ಆ ಗಟ್ಟಿ ಆಳು ಮಗುವಿನಂತೆ ಅಳುತ್ತಿದ್ದರು. ಅದೇ ಕಾರಿನಲ್ಲಿ ಹುಬ್ಬಳ್ಳಿಗೆ ಒಯ್ಯದೆ ಗತಿಯಿರಲಿಲ್ಲ.

ಒಂದೊಂದು ತಗ್ಗಿಗೂ ಅವರು "ಯವ್ವಾ!" ಅಂದಾಗ ಗಟ್ಟಿ ಸ್ಪ್ರಿಂಗ್ ಹಾಕಿದ ನನ್ನ ಕೈಯನ್ನೇ ಕಡಿದುಕೊಳ್ಳಬೇಕು ಅನ್ನಿಸಿತು. ಅರ್ಧ ದಾರಿಯಲ್ಲಿ "ನಿಂದರಸ್ರೀ!" ಎಂದು ಚೀರಿ, ಇಳಿದು ಜಾಲಿ ಗಿಡದ ಹಿಂದೆ ಓಡಿದರು. ಡಾಕ್ಟರು ಎಂಜಿನ್ ಆರಿಸಿದರು. ರೈತರು ಮರಳಿ ಬಂದರು, ಮುಖದ ತುಂಬ ನಗು.

"ಹರಳು ಬಿದ್ದೋತ್ರಿ, ಸಾಹೇಬ್ರ!"

ಡಾಕ್ಟರು ಪರೀಕ್ಷಿಸಿ, ನಿಟ್ಟುಸಿರುಬಿಟ್ಟು ಕಾರು ತಿರುಗಿಸಿದರು. "ಪುಣ್ಯಾಕ್ಕ ಪಾರಾದ. ಸಾಕಪ್ಪಾ, ನಾಳೆ ಮೆತ್ತನ್ವು ಹಾಕಿಬಿಡು."

ಮರುದಿನ ಡಾಕ್ಟರ ಎದುರಿಗೇ ಗಟ್ಟಿ ಸ್ಪ್ರಿಂಗ್ ಬಿಚ್ಚಲು ಕಾರಿಗೆ ಜ್ಯಾಕ್ ಕೊಡುತ್ತಿದ್ದೆ. ಸುದ್ದಿ ಊರೆಲ್ಲ ಹಬ್ಬಿತ್ತು. ಸೊಂಟ ಹಿಡಿದುಕೊಂಡ ನಾಲ್ಕು ಜನ ಗ್ಯಾರೇಜಿಗೆ ಬಂದರು.

"ಅದು ಔಷಧ ಅಲ್ರೋ! ಏನೋ ತಾನಾಗಿ ಬಿತ್ತು!" ಎಂದು ಡಾಕ್ಟರು ಕೂಗಿದರು.

ಅವರಲ್ಲಿ ಹಿರಿಯರು ಆಗಲೇ ಬಾಗಿಲು ತೆಗೆದು ಹಿಂದಿನ ಸೀಟಿನಲ್ಲಿ ಕೂತಿದ್ದರು.

"ಬಿಚ್ಚೂದು ಆಮ್ಯಾಲೆ ನೋಡೂಣ್ರಿ. ಮೊದ್ಲ ನಂದೊಂದು ಸುತ್ತು ಹೊಡೀರಿ ಸಾಹೇಬ್ರ. ತಗ್ಗು ಮಾತ್ರ ತಪ್ಪಸಬ್ಯಾಡ್ರಿ!"