ಮುಖ ಬೇಕೋ, ‘ಅಪ್ಪ’ ಬೇಕೋ

ನಿರುಪದ್ರವಿ ಚಟಗಳಲ್ಲಿ ಒಂದು ದೋಷವಿದೆ: ಅವಕ್ಕೆ ಜೊತೆ ಸಿಗುವುದಿಲ್ಲ. ನನಗೆ ಇಸ್ಪೀಟಿನ ಚಟವಿದ್ದಿದ್ದರೆ ಸುತ್ತ ನಾಲ್ಕು ಜನವಾದರೂ ಕೂತಿರುತ್ತಿದ್ದರು. ನನ್ನದು ಕಂಪ್ಯೂಟರ್ ಕ್ರಿಕೆಟ್. ಆಡುವುದರಲ್ಲಿ ನಾನು ಮಗ್ಗಿ ಬಾರದ ಹುಡುಗನಷ್ಟೇ ದಡ್ಡ. ಕೊಂಡು ತಂದ ಆಟದೊಳಗೆ ಕೈ ಹಾಕಿ, ಕಂಪನಿಯವರು ಕೊಟ್ಟ ಆಟಗಾರರನ್ನು ಎಬ್ಬಿಸಿ, ನಮ್ಮವರ ಹೆಸರು, ಮುಖ ಕೂರಿಸುವುದೇ ನನ್ನ ಚಟ. ಬಲ್ಲವರು ಇದಕ್ಕೆ ‘ಮಾಡ್’ ಎನ್ನುತ್ತಾರೆ. ಸಿಂದಗಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿ ಗಂಗವ್ವ ಬಾಗಿಲಲ್ಲಿ ನಿಂತು, “ಏನ್ ಮಾಡಾಕತ್ತೀರಿ ಮಾಸ್ತರ?” ಎಂದರೆ, “ಮಾಡ್ ಮಾಡಾಕತ್ತೇನ್ರಿ” ಎನ್ನುತ್ತಿದ್ದೆ. “ಅದನ್ನ ಕೇಳಿದ್ನಲ್ರಿ, ಏನ್ ಮಾಡಾಕತ್ತೀರಿ?” ಇದು ಎರಡು ಸುತ್ತು ನಡೆದ ಮೇಲೆ ಆಕೆ, “ಲಗೂನ ಒಂದು ಲಗ್ನಾ ಮಾಡ್ಕೋರಿ” ಎಂದು ಹೊರಟುಹೋಗುತ್ತಿದ್ದಳು.

ನನ್ನ ತಂಡವೆಂದರೆ ಬಸವನ ಬಾಗೇವಾಡಿಯ ಹಳೆಯ ಶಾಲೆಯ ಮಾಸ್ತರರು. ಅಲ್ಲಿ ಸಂಜೆ ಗಂಟೆ ಹೊಡೆದ ಮೇಲೆ ಧೋತರ ಉಟ್ಟವರೂ ಸೇರಿ ಟೆನಿಸ್ ಚೆಂಡಿನ ಹಿಂದೆ ಓಡುತ್ತಿದ್ದೆವು. ಆಮೇಲೆ ವರ್ಗಾವಣೆ ಬಂದು ಒಬ್ಬರನ್ನು ಇಂಡಿಗೆ, ಒಬ್ಬರನ್ನು ನಾಲತವಾಡಕ್ಕೆ, ನನ್ನನ್ನು ಸಿಂದಗಿಗೆ ಬಾರಿಸಿತು. ಇಲ್ಲಿನವರು ಗಂಟೆ ಹೊಡೆದೊಡನೆ ಬಸ್ಸಿನ ಹಿಂದೆ ಓಡುವವರು. ಹೀಗಾಗಿ, ಬೀಳ್ಕೊಡುಗೆಯ ದಿನ ನಾನೇ ತೆಗೆದಿದ್ದ ಗ್ರೂಪ್ ಫೋಟೋದಿಂದ ಹನ್ನೊಂದು ಮುಖ ಕತ್ತರಿಸಿ ಆಟದೊಳಗೆ ಕರೆಸಿಕೊಂಡೆ. ಒಂದೇ ಕೊರತೆ: ಆ ಆಟದಲ್ಲಿ ಹೆಸರಿಗೆ ಕೊಟ್ಟ ಜಾಗ ಗಿಡ್ಡ. ನಮ್ಮ ಹಿರಿಯರಾದ ಡ್ರಾಯಿಂಗ್ ಮಾಸ್ತರ ಸಂಗನಬಸಪ್ಪನವರ ‘ಅಪ್ಪ’ ಹೊರಗುಳಿದು, ಪರದೆಯ ಮೇಲೆ ಬರೀ ‘ಸಂಗನಬಸ’ ಎಂದು ಮೂಡುತ್ತಿತ್ತು, ಆಳುಮಗನನ್ನು ಕೂಗಿದ ಹಾಗೆ. ಅವರು ಸಿಕ್ಸರ್ ಹೊಡೆದಾಗಲೆಲ್ಲ ನಾನು ಕೈಮುಗಿದು “ತಪ್ಪಾತ್ರಿ ಸರ” ಎನ್ನುತ್ತಿದ್ದೆ.

ಅಷ್ಟರಲ್ಲಿ ಆ ವರ್ಷದ ಹೊಸ ಆಟ ಬಂತು. ಪಂಚಾಂಗ ಬಿಟ್ಟರೆ ವರ್ಷವರ್ಷ ತಪ್ಪದೆ ಹೊಸದಾಗುವುದು ಇದೊಂದೇ. ಸೀಡಿ ಅಂಗಡಿಯವ, “ಇದರಾಗ ಹೆಸರು ಎಷ್ಟುದ್ದರ ಬರೀರಿ ಸರ, ಹಿಡಿಸ್ತೈತಿ. ಆದ್ರ ನಿಮ್ಮ ಹಳೇ ಮುಖ ಕೂಡಂಗಿಲ್ಲ. ದೊಡ್ಡ ದೊಡ್ಡ ಫೋಟೋ ಬೇಕು” ಎಂದ. ಮರ್ಯಾದೆ ಬೇಕೆಂದರೆ ಮುಖ ಹೋಗುತ್ತದೆ, ಮುಖ ಬೇಕೆಂದರೆ ಮರ್ಯಾದೆ. ಹೊಸದನ್ನು ತಂದು, ಮುಖಗಳು ಸಿಗದೇ ಹೋದರೆ, ನಾನು ಸಂಜೆ ಮನೆಗೆ ಬಂದಾಗ ಒಳಗೆ ಅಪರಿಚಿತರು ಆಡುತ್ತಿರುತ್ತಾರೆ. ಅಪರಿಚಿತರು ಬೇಕಾದರೆ ಸ್ಟಾಫ್ ರೂಮಿನಲ್ಲೇ ಇದ್ದರಲ್ಲ.

ಕೊನೆಗೆ ಎಸ್‌ಟಿಡಿ ಬೂತಿನಿಂದ ನಾಲತವಾಡದ ಸಂಗನಬಸಪ್ಪನವರಿಗೆ ಫೋನು ಹಚ್ಚಿದೆ. “ಸರ, ನಿಮ್ಮೆಲ್ಲಾರ ಮುಖ ಬೇಕಾಗಿದ್ದುವ್ರಿ.”

“ನನ್ನ ಮುಖ ತೊಗೊಂಡು ಏನ್ ಮಾಡ್ತಿಯೋ? ನಮ್ಮ ಮನಿಯಾಕಿನ ಬ್ಯಾಡ ಅಂತಾಳ!”

ವಿಷಯ ತಿಳಿಸಿದೆ. ಎಲ್ಲರ ಫೋಟೋ ತಾವೇ ಕೂಡಿಸಿ ಕಳಿಸುವುದಾಗಿ ಒಪ್ಪಿಕೊಂಡು, “ನಾ ಎಷ್ಟನೇದಕ್ಕ ಬ್ಯಾಟಿಂಗ್?” ಎಂದರು.

“ಓಪನಿಂಗ್ ರೀ.”

“ಶಾಬಾಸ್! ಮತ್ತ ನೀ?”

ನನಗೆ ಇದು ಹೊಳೆದೇ ಇರಲಿಲ್ಲ. “ನಾ ಅದರಾಗ ಇಲ್ರಿ.”

“ಯಾಕೋ? ಅಲ್ಲಿಂದನೂ ಟ್ರಾನ್ಸಫರ್ ಆತೇನು?”

ಫೋಟೋಗಳು ಅಂಚೆಯಲ್ಲಿ ಬಂದವು. ಇಬ್ಬರ ಕೂದಲು ಹೋಗಿತ್ತು, ಉಳಿದವರಿಗೆ ಕನ್ನಡಕ ಬಂದಿತ್ತು. ಹೊಸ ಆಟ ಕೊಂಡೆ. ಅದರಲ್ಲಿ ಆಡುವವರಲ್ಲದೆ, ಹೊರಗೆ ಬೆಂಚಿನ ಮೇಲೆ ಕೂತು ನೋಡುವವರಿಗೂ ಜಾಗವಿದೆ. ಅಲ್ಲಿ ನನ್ನನ್ನೂ ಒಂದು ಮೂಲೆಗೆ ಕೂರಿಸಿದೆ. ಆದ್ದರಿಂದ ಹೊಸ ಆಟ ಕೊಳ್ಳಬೇಕೇ ಎಂದು ಕೇಳುವವರಿಗೆ ನನ್ನ ಸಲಹೆ: ದುಡ್ಡು ದಂಡವಲ್ಲ, ಧಾರಾಳವಾಗಿ ಕೊಳ್ಳಿ. ನನಗೆ ಮಾತ್ರ ಇನ್ನೂ ಹನ್ನೊಂದರೊಳಗೆ ಅವಕಾಶ ಸಿಕ್ಕಿಲ್ಲ. ಯಾರನ್ನಂತ ಕೈಬಿಡಲಿ? ತಂಡ ಆರಿಸುವವನು ನಾನೇ. ಆದರೂ ವಶೀಲಿ ನಡೆಯುತ್ತಿಲ್ಲ.